ನಿಧಾನವಾಗಿ ನುಡಿಯುವ ಯಂತ್ರಗಳು

ಟಾರ್ಚಿನ ಪುಟ್ಟ ಬಲ್ಬನ್ನು ವಾಚಕರೆಲ್ಲರೂ ಬಲ್ಲರು. ಎರಡೂವರೆ ವೋಲ್ಟಿನಲ್ಲಿ 0.3 ಆಂಪಿಯರ್ ವಿದ್ಯುತ್ತನ್ನು ಸೆಳೆಯುವ ಹಳೆಯ ಬಗೆಯ ಬಲ್ಬು ಮುಕ್ಕಾಲು ವಾಟ್ ಸಾಮರ್ಥ್ಯದ್ದು. ಅದರ ಮೂವತ್ತರಲ್ಲೊಂದು ಪಾಲನ್ನು, ಎಂದರೆ ಕೇವಲ 25 ಮಿಲಿವಾಟನ್ನು, ರೇಡಿಯೋ ತರಂಗಗಳ ರೂಪದಲ್ಲಿ ಹೊರಸೂಸುವ ಒಂದು ಸಣ್ಣ ಉಪಕರಣವನ್ನು ಕಲ್ಪಿಸಿಕೊಳ್ಳಿ. ಕಾರ್ಖಾನೆಯೊಂದರ ಹೊರವಲಯದಲ್ಲಿರುವ ನೀರಿನ ತೊಟ್ಟಿಯ ಮೇಲೆ ಅದನ್ನು ಕೂರಿಸಿದೆ. ಬಯಲು ಪ್ರದೇಶವಾದರೆ, ಹತ್ತು ಕಿಲೋಮೀಟರು ಆಚೆಯ ಗೋಪುರಕ್ಕೂ ಅದರ ಸಂದೇಶ ಮುಟ್ಟುತ್ತದೆ. ಕೈಬೆರಳಿನ ಗಾತ್ರದ ಒಂದೇ ಒಂದು ಬ್ಯಾಟರಿ ಅದನ್ನು ವರ್ಷಗಟ್ಟಲೆ ನಡೆಸುತ್ತದೆ.

ಇಷ್ಟು ಕ್ಷೀಣವಾದ ದನಿ ಅಷ್ಟು ದೂರಕ್ಕೆ ಹೇಗೆ ಕೇಳಿಸೀತು? ಕೇಳಿಸುವುದು ನಿಜವಾದರೆ, ನಮ್ಮ ಮೊಬೈಲ್ ಫೋನುಗಳಿಗೆ ದಿನದಿನವೂ ವಿದ್ಯುತ್ತನ್ನು ತುಂಬಿಸುವ ಗೋಳೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಆ ಉತ್ತರದಲ್ಲಿ ಒಂದು ಬೆಲೆಯೂ ಅಡಗಿದೆ. ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಂಥ ಉಪಕರಣಗಳನ್ನು ಎಲ್ಲೆಂದರಲ್ಲಿ ಜೋಡಿಸಿದವರು ಎರಡು ಮೂರು ವರ್ಷಗಳಲ್ಲಿ ಅದನ್ನು ತೆರಬೇಕಾಗುತ್ತದೆ.

ಮೊದಲು ಕಾರ್ಖಾನೆಯ ಅಗತ್ಯವನ್ನು ನೋಡೋಣ. ತೊಟ್ಟಿಯ ಮಟ್ಟ, ಕೊಳವೆಯ ಒತ್ತಡ, ಮೋಟಾರಿನ ಬೇರಿಂಗಿನ ಉಷ್ಣತೆ, ಇವನ್ನು ಅಳೆಯುವ ಸಾಧನಗಳಿಗೆ ಸಂವೇದಕಗಳೆಂದು ಹೆಸರು. ಬಹುಕಾಲದಿಂದ ಇವು ತಂತಿಯ ಮೂಲಕವೇ ವರದಿ ಮಾಡುತ್ತ ಬಂದಿವೆ. 4ರಿಂದ 20 ಮಿಲಿಆಂಪಿಯರ್ ವರೆಗಿನ ವಿದ್ಯುತ್ಪ್ರವಾಹದ ಏರಿಳಿತವೇ ಅವುಗಳ ಭಾಷೆ. ಪದ್ಧತಿ ಒಳ್ಳೆಯದೇ. ಆದರೆ ಎರಡು ಕಿಲೋಮೀಟರು ದೂರದ ಒಂದು ಕೊಳವೆಬಾವಿಗಾಗಿ ನೆಲವನ್ನು ಅಗೆದು ತಾಮ್ರದ ತಂತಿಯನ್ನು ಹೂಳುವ ಖರ್ಚು ಸಂವೇದಕದ ಬೆಲೆಯ ಹತ್ತಾರು ಪಟ್ಟಾದೀತು. ಹೀಗಾಗಿ ಅಂಥ ಕಡೆ ಒಬ್ಬ ನೌಕರ ಪುಸ್ತಕ ಹಿಡಿದು ದಿನಕ್ಕೊಮ್ಮೆ ಸುತ್ತಿ ಬರುವುದೇ ವಾಡಿಕೆ. ಆತನು ಬರೆದು ತರುವುದಾದರೂ ಎಷ್ಟು? “ಮಟ್ಟ 3.42 ಮೀಟರ್” ಎಂಬಷ್ಟು. ಅದನ್ನು ಹನ್ನೆರಡು ಬೈಟುಗಳಲ್ಲಿ, ಎಂದರೆ 96 ಬಿಟ್ಟುಗಳಲ್ಲಿ, ಧಾರಾಳವಾಗಿ ಅಡಕಮಾಡಬಹುದು. ಚಲಚ್ಚಿತ್ರಗಳನ್ನು ಸಾಗಿಸಬಲ್ಲ ಮೊಬೈಲ್ ಜಾಲವನ್ನು ಈ ಕೆಲಸಕ್ಕೆ ಹೂಡುವುದು ಒಂದು ಅಂಚೆಯ ಕಾರ್ಡನ್ನು ಲಾರಿಯಲ್ಲಿ ಕಳುಹಿಸಿದ ಹಾಗೆ.

ಇನ್ನು ದೂರದ ಪ್ರಶ್ನೆ. ರೇಡಿಯೋ ಸಂಜ್ಞೆಯು ದೂರ ಹೋದಂತೆಲ್ಲ ಕ್ಷೀಣಿಸುತ್ತದೆಯೇ ಹೊರತು ಇದ್ದಕ್ಕಿದ್ದಂತೆ ಎಲ್ಲಿಯೂ ಇಲ್ಲವಾಗುವುದಿಲ್ಲ. ಹಾಗಿದ್ದರೆ ಗ್ರಾಹಕವು ಅದನ್ನು ಎಷ್ಟು ಬೇಕಾದರೂ ವರ್ಧಿಸಿಕೊಂಡು ಕೇಳಬಹುದಲ್ಲವೆ? ಇಲ್ಲ. ಸಂಜ್ಞೆಯೊಡನೆ ಗದ್ದಲವೂ ವರ್ಧಿಸುತ್ತದೆ. ಈ ಗದ್ದಲವು ಪ್ರಕೃತಿಯದೇ. ವಾಹಕದಲ್ಲಿನ ಎಲೆಕ್ಟ್ರಾನುಗಳು ಉಷ್ಣದಿಂದಾಗಿ ಸದಾ ತೊನೆದಾಡುತ್ತಿರುತ್ತವೆ. ಆ ತೊನೆದಾಟವೇ ಸಣ್ಣ ವಿದ್ಯುತ್ಕಂಪನವಾಗಿ ತೋರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಇದಕ್ಕೆ ಸಿದ್ಧಾಂತವನ್ನು ಕೊಟ್ಟರು. ಇಬ್ಬರ ಲೇಖನಗಳೂ 1928ರಲ್ಲಿ ಪ್ರಕಟವಾದವು. ಬೋಲ್ಟ್ಸ್‌ಮನ್ ಸ್ಥಿರಾಂಕ, ನಿರಪೇಕ್ಷ ಉಷ್ಣತೆ, ಗ್ರಾಹಕವು ಕಿವಿಗೊಡುವ ಆವೃತ್ತಿ ಪಟ್ಟಿಯ ಅಗಲ, ಈ ಮೂರರ ಗುಣಲಬ್ಧವೇ ಗದ್ದಲದ ಸಾಮರ್ಥ್ಯ. ಪಟ್ಟಿಯ ಅಗಲ 1,25,000 ಹರ್ಟ್ಸ್ ಇದ್ದು, ಉಷ್ಣತೆ 300 ಕೆಲ್ವಿನ್ ಆದರೆ, ಅದು ಒಂದು ವಾಟಿನ ಹತ್ತೊಂಬತ್ತು ಕೋಟಿ ಕೋಟಿಯಲ್ಲೊಂದು ಪಾಲು. ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು. ಗ್ರಾಹಕದ ಒಳಗಿನ ಭಾಗಗಳು ತಮ್ಮ ಪಾಲನ್ನೂ ಸೇರಿಸಿ ಅದನ್ನು ಸುಮಾರು ನಾಲ್ಕು ಪಟ್ಟು ಮಾಡುತ್ತವೆ. ಈ ಗದ್ದಲದಲ್ಲಿ ಮುಳುಗಿದ ಸಂಜ್ಞೆ ಸಾಧಾರಣ ಗ್ರಾಹಕಕ್ಕೆ ದಕ್ಕದು.

ಸಂತೆಯ ಗದ್ದಲದಲ್ಲಿ ದೂರದಲ್ಲಿರುವ ಗೆಳೆಯನನ್ನು ಕೂಗುವಾಗ ನಾವೇನು ಮಾಡುತ್ತೇವೆ? ಗಂಟಲನ್ನು ಏರಿಸುವುದು ಒಂದು ಉಪಾಯ. ಅದು ಸಾಲದಾದಾಗ “ರಾಮಣ್ಣಾ...” ಎಂದು ಕೊನೆಯ ಸ್ವರವನ್ನು ಎಳೆಯುತ್ತೇವೆ. ಅದೇ ದನಿಯನ್ನು ಹೆಚ್ಚು ಹೊತ್ತು ಕೊಟ್ಟಾಗ ಕೇಳುವ ಕಿವಿಗೆ ಅದನ್ನು ಗದ್ದಲದಿಂದ ಬೇರ್ಪಡಿಸಿಕೊಳ್ಳಲು ಅವಕಾಶ ಸಿಗುತ್ತದೆ. ಇಲ್ಲಿ ಸಾಮರ್ಥ್ಯಕ್ಕೂ ಶಕ್ತಿಗೂ ಇರುವ ವ್ಯತ್ಯಾಸವನ್ನು ನೆನಪಿಗೆ ತಂದುಕೊಳ್ಳಬೇಕು. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಶಕ್ತಿ. ಒಂದು ಬಿಟ್ ಸುದ್ದಿಯು ಗದ್ದಲವನ್ನು ದಾಟಿ ಉಳಿಯುವುದೇ ಎಂಬುದನ್ನು ನಿರ್ಧರಿಸುವುದು ಪ್ರೇಷಕದ ಸಾಮರ್ಥ್ಯವಲ್ಲ. ಆ ಒಂದು ಬಿಟ್ಟಿಗಾಗಿ ಗ್ರಾಹಕವನ್ನು ಮುಟ್ಟಿದ ಒಟ್ಟು ಶಕ್ತಿ. ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಸಂವಹನದ ಗಣಿತ ಸಿದ್ಧಾಂತದಿಂದ ಈ ಶಕ್ತಿಗೆ ಒಂದು ಕನಿಷ್ಠ ಮಿತಿಯೂ ದೊರೆಯುತ್ತದೆ. ಅದನ್ನು ಜೋರಾಗಿ ಕೂಗಿ ಕ್ಷಣದಲ್ಲಿ ಒದಗಿಸಿದರೂ ಒಂದೇ, ಮೆಲ್ಲಗೆ ನುಡಿದು ದೀರ್ಘಕಾಲದಲ್ಲಿ ಒದಗಿಸಿದರೂ ಒಂದೇ. ಮೊಬೈಲ್ ಫೋನು ಕ್ಷಣಕ್ಕೆ ಲಕ್ಷಾಂತರ ಬಿಟ್ಟುಗಳನ್ನು ಸಾಗಿಸಬೇಕು. ಪ್ರತಿಯೊಂದಕ್ಕೂ ಶಕ್ತಿಯ ಸುಂಕವನ್ನು ಕಟ್ಟಲೇಬೇಕು. ನಮ್ಮ ತೊಟ್ಟಿಗೆ ಹೇಳಬೇಕಾದುದು ಸ್ವಲ್ಪ, ಅವಸರವೂ ಇಲ್ಲ.

ನಿಧಾನವಾಗಿ ನುಡಿಯುವುದನ್ನು ಕಾರ್ಯಗತಗೊಳಿಸಲು ಎರಡು ಮಾರ್ಗಗಳು ಬಳಕೆಗೆ ಬಂದಿವೆ. ಮೊದಲನೆಯದು ಪಟ್ಟಿಯನ್ನೇ ಅತ್ಯಂತ ಕಿರಿದುಮಾಡುವುದು. 2009ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಸಿಗ್‌ಫಾಕ್ಸ್ ಈ ದಾರಿಯನ್ನು ಹಿಡಿಯಿತು. ಯೂರೋಪಿನಲ್ಲಿ ಅದರ ಸಂವೇದಕ ಸೆಕೆಂಡಿಗೆ ನೂರೇ ಬಿಟ್ಟುಗಳ ವೇಗದಲ್ಲಿ ಸುಮಾರು 100 ಹರ್ಟ್ಸ್ ಅಗಲದೊಳಗೆ ನುಡಿಯುತ್ತದೆ. ಕಿವಿಯ ಕಿಂಡಿ ಕಿರಿದಾದಷ್ಟೂ ಒಳನುಗ್ಗುವ ಗದ್ದಲ ಕಡಿಮೆ. ಇದರಲ್ಲೊಂದು ಸ್ವಾರಸ್ಯವಿದೆ. ಪ್ರೇಷಕದ ಆವೃತ್ತಿಯನ್ನು ಹಿಡಿದಿಡುವ ಸ್ಫಟಿಕವು ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 868 ಮೆಗಾಹರ್ಟ್ಸಿನಲ್ಲಿ ಆ ತಪ್ಪು 868 ಹರ್ಟ್ಸ್ ಆಗುತ್ತದೆ, ಎಂದರೆ ಸಂಜ್ಞೆಯ ಅಗಲದ ಎಂಟು ಪಟ್ಟಿಗೂ ಹೆಚ್ಚು. ಆದುದರಿಂದ ಪ್ರೇಷಕವು ಎಲ್ಲಿ ನುಡಿಯುವುದೆಂದು ಗ್ರಾಹಕಕ್ಕೆ ಮೊದಲೇ ತಿಳಿಯುವಂತಿಲ್ಲ. ಅದು ಇಡೀ ಪಟ್ಟಿಯನ್ನು ಏಕಕಾಲದಲ್ಲಿ ಜಾಲಾಡುತ್ತಿರಬೇಕು. ಸಿಗ್‌ಫಾಕ್ಸ್ ಸಂಸ್ಥೆ 2022ರ ಜನವರಿಯಲ್ಲಿ ನ್ಯಾಯಾಲಯದ ಆಡಳಿತಕ್ಕೊಳಪಟ್ಟು, ಅದೇ ವರ್ಷ ಸಿಂಗಪುರದ ಯುನಾಬಿಜ್ ಸಂಸ್ಥೆಯ ವಶವಾಯಿತು. ಹತ್ತು ವರ್ಷ ಬಾಳುವ ಸಂವೇದಕವನ್ನು ಕೊಳ್ಳುವವರು ಜಾಲವನ್ನು ನಡೆಸುವವರ ಆಯುಸ್ಸನ್ನೂ ವಿಚಾರಿಸುವುದು ಒಳಿತು.

ಎರಡನೆಯ ಮಾರ್ಗ ಮೇಲ್ನೋಟಕ್ಕೆ ಇದಕ್ಕೆ ತದ್ವಿರುದ್ಧ. ಸಂಜ್ಞೆಯನ್ನು ಕಿರಿದುಗೊಳಿಸುವ ಬದಲು ಬೇಕೆಂದೇ ಅಗಲವಾದ ಪಟ್ಟಿಯಲ್ಲಿ ಹರಡುವುದು. ಇದಕ್ಕೆ ಲೋರಾ ಎಂದು ಹೆಸರು. ಫ್ರಾನ್ಸಿನ ಗ್ರೆನೋಬಲ್ ನಗರದ ಸೈಕ್ಲಿಯೋ ಎಂಬ ಸಣ್ಣ ಸಂಸ್ಥೆಯಲ್ಲಿ ರೂಪುಗೊಂಡು, 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಸಂಸ್ಥೆಯ ಕೈಸೇರಿದ ವಿಧಾನವಿದು. ಇದರ ಮೂಲ ಕಲ್ಪನೆ ಹೊಸದಲ್ಲ. ಬಾವಲಿಗಳು ಇಂಥ ಕೂಗನ್ನು ಬಳಸುತ್ತವೆ, ರೇಡಾರ್ ತಜ್ಞರು 1960ರಷ್ಟು ಹಿಂದೆಯೇ ಇದರ ಸಿದ್ಧಾಂತವನ್ನು ವಿಸ್ತಾರವಾಗಿ ಬರೆದಿದ್ದಾರೆ.

ವೀಣೆಯ ಒಂದೇ ತಂತಿಯ ಮೇಲೆ ಷಡ್ಜದಿಂದ ತಾರಷಡ್ಜದ ವರೆಗೆ ವೈಣಿಕನ ಬೆರಳು ಎಲ್ಲಿಯೂ ನಿಲ್ಲದೆ ಜಾರುವುದನ್ನು ನೆನೆಯಿರಿ. ಲೋರಾ ಪ್ರೇಷಕವು ಮಾಡುವುದು ಇದನ್ನೇ. ಪಟ್ಟಿಯ ಕೆಳಅಂಚಿನಿಂದ ಮೇಲಂಚಿನ ವರೆಗೆ ಅದರ ಆವೃತ್ತಿ ಸಮವೇಗದಲ್ಲಿ ಏರುತ್ತದೆ. ಸಂದೇಶವು ಅಡಗಿರುವುದು ಜಾರು ಎಲ್ಲಿಂದ ಹೊರಟಿತು ಎಂಬುದರಲ್ಲಿ. ಪಂಚಮದಿಂದ ಹೊರಟರೆ ತಾರಷಡ್ಜವನ್ನು ಮುಟ್ಟಿ, ಥಟ್ಟನೆ ಕೆಳಷಡ್ಜಕ್ಕೆ ಹಾರಿ, ಮತ್ತೆ ಪಂಚಮದ ವರೆಗೆ ಏರಿ ನಿಲ್ಲುತ್ತದೆ. ಗಾಂಧಾರದಿಂದ ಹೊರಟರೆ ಹಾಗೆಯೇ ಗಾಂಧಾರಕ್ಕೆ. ವೀಣೆಯಲ್ಲಿ ನಾವು ಗುರುತಿಸುವ ಸ್ಥಾನಗಳು ಹನ್ನೆರಡು. ಲೋರಾದ ಅತ್ಯಂತ ನಿಧಾನವಾದ ಜಾರಿನಲ್ಲಿ ಹೊರಡುವ ಸ್ಥಾನಗಳು 4,096. ಇದು ಎರಡರ ಹನ್ನೆರಡನೆಯ ಘಾತವಾದುದರಿಂದ ಒಂದು ಜಾರು ಹನ್ನೆರಡು ಬಿಟ್ಟುಗಳನ್ನು ಹೊರುತ್ತದೆ.

ಗ್ರಾಹಕವು ತನ್ನಲ್ಲಿ ಇದಕ್ಕೆ ವಿಲೋಮವಾದ, ಎಂದರೆ ಮೇಲಿನಿಂದ ಕೆಳಗಿಳಿಯುವ ಜಾರನ್ನು ಉತ್ಪಾದಿಸಿ, ಬಂದ ಸಂಜ್ಞೆಯೊಡನೆ ಗುಣಿಸುತ್ತದೆ. ಒಂದು ಏರಿದಷ್ಟೇ ಇನ್ನೊಂದು ಇಳಿಯುವುದರಿಂದ ಗುಣಲಬ್ಧದಲ್ಲಿ ಏರಿಳಿತ ಅಳಿದು ಒಂದೇ ಸ್ಥಿರವಾದ ಸ್ವರ ಉಳಿಯುತ್ತದೆ. ಆ ಸ್ವರ ಯಾವುದೆಂಬುದನ್ನು ಫೂರ್ಯೆ ವಿಶ್ಲೇಷಣೆಯು ಹೆಕ್ಕಿ ತೋರಿಸುತ್ತದೆ. ಗದ್ದಲಕ್ಕೆ ಈ ಭಾಗ್ಯವಿಲ್ಲ. ಅದು ವಿಲೋಮ ಜಾರಿನೊಡನೆ ಹೊಂದದೆ ಚೆದರಿದಂತೆಯೇ ಉಳಿಯುತ್ತದೆ.

ಇದರಿಂದಾಗುವ ಲಾಭವನ್ನು ತೇರಿನ ಹಗ್ಗದಿಂದ ತಿಳಿಯಬಹುದು. 4,096 ಮಂದಿ ಒಂದೇ ದಿಕ್ಕಿಗೆ ಎಳೆದರೆ ಒಟ್ಟು ಬಲ ಒಬ್ಬನ ಬಲದ 4,096 ಪಟ್ಟು. ಅಷ್ಟೇ ಮಂದಿ ತಮಗೆ ತೋಚಿದ ದಿಕ್ಕಿಗೆ ಎಳೆದರೆ, ಸಂಭಾವ್ಯತೆಯ ನಿಯಮದಂತೆ, ಉಳಿಯುವ ಬಲ ಸುಮಾರು ವರ್ಗಮೂಲದಷ್ಟು, ಎಂದರೆ 64 ಮಂದಿಯದು ಮಾತ್ರ. ಸಂಜ್ಞೆಯ ತುಣುಕುಗಳು ಮೊದಲನೆಯ ಗುಂಪಿನಂತೆ ಕೂಡುತ್ತವೆ, ಗದ್ದಲದ ತುಣುಕುಗಳು ಎರಡನೆಯದರಂತೆ. ಸಾಮರ್ಥ್ಯವು ಪಾರದ ವರ್ಗಕ್ಕೆ ಅನುಗುಣವಾದುದರಿಂದ ಸಂಜ್ಞೆಗೆ ಸಿಗುವ ಮೇಲುಗೈ 64ರ ವರ್ಗ, ಎಂದರೆ 4,096 ಪಟ್ಟು. ಆದುದರಿಂದ ಸಂಜ್ಞೆಯು ಗದ್ದಲದ ನೂರರಲ್ಲೊಂದು ಪಾಲಿನಷ್ಟಿದ್ದಾಗಲೂ ಲೆಕ್ಕದ ಕೊನೆಗೆ ಅದು ಗದ್ದಲಕ್ಕಿಂತ ನಲವತ್ತು ಪಟ್ಟು ಮೇಲೆದ್ದು ನಿಲ್ಲುತ್ತದೆ. ಈ ಗ್ರಾಹಕಕ್ಕೆ ಸಾಕಾಗುವ ಸಂಜ್ಞೆ ಒಂದು ವಾಟಿನ ಐನೂರು ಕೋಟಿ ಕೋಟಿಯಲ್ಲೊಂದು ಪಾಲು. ಹೊರಟ 25 ಮಿಲಿವಾಟಿಗೂ ಇದಕ್ಕೂ ಇರುವ ಅಂತರ ಹನ್ನೆರಡೂವರೆ ಕೋಟಿ ಕೋಟಿ ಪಟ್ಟು.

ಅಡ್ಡಿಯೇ ಇಲ್ಲದ ಬಯಲಿನಲ್ಲಿ ಇಷ್ಟು ಅಂತರ ಎಷ್ಟು ದೂರಕ್ಕೆ ಸಮ? 865 ಮೆಗಾಹರ್ಟ್ಸಿನಲ್ಲಿ ಸುಮಾರು ಸಾವಿರ ಕಿಲೋಮೀಟರಿಗೆ. ಇದು ಕಾಗದದ ಲೆಕ್ಕವಷ್ಟೇ ಅಲ್ಲ. 2017ರ ಆಗಸ್ಟಿನಲ್ಲಿ ನೆದರ್ಲೆಂಡ್ಸಿನಿಂದ ಹಾರಿಬಿಟ್ಟ ಬೆಲೂನೊಂದು 25 ಮಿಲಿವಾಟಿನ ಲೋರಾ ಪ್ರೇಷಕವನ್ನು ಸುಮಾರು 38.8 ಕಿಲೋಮೀಟರು ಎತ್ತರಕ್ಕೆ ಒಯ್ದಿತ್ತು. ಅದರ ಸಂದೇಶವನ್ನು 702 ಕಿಲೋಮೀಟರು ದೂರದಲ್ಲಿ, ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿದ್ದ ಗ್ರಾಹಕವೊಂದು ಕೇಳಿಸಿಕೊಂಡಿತು. ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಅಭ್ಯಾಸವಿದೆ. ಭೂಮಿಯ ತ್ರಿಜ್ಯ 6,371 ಕಿಲೋಮೀಟರು. ಅದನ್ನು ಎರಡರಿಂದಲೂ ಬೆಲೂನಿನ ಎತ್ತರದಿಂದಲೂ ಗುಣಿಸಿ ವರ್ಗಮೂಲವನ್ನು ತೆಗೆಯಿರಿ. ಬೆಲೂನಿನಿಂದ ದಿಗಂತಕ್ಕಿರುವ ದೂರ ಬರುತ್ತದೆ: 703 ಕಿಲೋಮೀಟರು! ವಾತಾವರಣದ ವಕ್ರೀಭವನವನ್ನೂ ಗ್ರಾಹಕದ ಎತ್ತರವನ್ನೂ ನಾವು ಬಿಟ್ಟಿರುವುದರಿಂದ ಸಂಖ್ಯೆಗಳು ಇಷ್ಟು ಹತ್ತಿರ ಬಂದುದರಲ್ಲಿ ಕಾಕತಾಳೀಯವೂ ಸ್ವಲ್ಪ ಸೇರಿದೆ. ಆದರೂ ಒಂದು ಮಾತು ಸ್ಪಷ್ಟ. ಆ ಸಂದೇಶಕ್ಕೆ ಎದುರಾದ ಗಡಿ ದನಿಯ ಕ್ಷೀಣತೆಗಿಂತ ಹೆಚ್ಚಾಗಿ ಭೂಮಿಯ ಗುಂಡಗಿನ ಮೈ.

ನೆಲದ ಮೇಲಿನ ಕಥೆ ಬೇರೆ. ಗೋಡೆ, ಮರ, ಉಕ್ಕಿನ ಚಾವಣಿಗಳ ನಡುವೆ, ನೆಲದಿಂದ ಪ್ರತಿಫಲಿಸಿದ ತರಂಗಗಳೊಡನೆ ಸೆಣಸಿ ಸಾಗಬೇಕಾದಾಗ ಸಾಮರ್ಥ್ಯವು ದೂರದ ವರ್ಗಕ್ಕೆ ಬದಲಾಗಿ ಸ್ಥೂಲವಾಗಿ ದೂರದ ನಾಲ್ಕನೆಯ ಘಾತದಂತೆ ಕುಗ್ಗುತ್ತದೆ. ಊರೊಳಗೆ ಎರಡು ಮೂರು ಕಿಲೋಮೀಟರು ಮುಟ್ಟಿದರೆ ಸಂತೋಷಪಡಬೇಕು. ಕಬ್ಬಿಣದ ತೊಟ್ಟಿಯ ಒಳಗೆ ಸಂವೇದಕವನ್ನಿಟ್ಟು ಮುಚ್ಚಳವನ್ನು ಹಾಕಿದರಂತೂ ನೂರು ಮೀಟರೂ ದುರ್ಲಭವಾದೀತು.

ನಾಲ್ಕನೆಯ ಘಾತದ ಈ ನಿಯಮವೇ ಮೊದಲು ಹೇಳಿದ ಬೆಲೆಯನ್ನು ನಮ್ಮ ಮುಂದಿಡುತ್ತದೆ. ಲೋರಾದಲ್ಲಿ ಸಾಮಾನ್ಯವಾಗಿ 7ರಿಂದ 12ರ ವರೆಗೆ ಆರು ಮೆಟ್ಟಿಲುಗಳುಂಟು. ಏಳನೆಯದರಲ್ಲಿ ಒಂದು ಜಾರಿಗೆ ಬೇಕಾಗುವ ಕಾಲ ಸುಮಾರು ಒಂದು ಮಿಲಿಸೆಕೆಂಡ್. ಹನ್ನೆರಡನೆಯದರಲ್ಲಿ ಸುಮಾರು 33 ಮಿಲಿಸೆಕೆಂಡ್. ನಮ್ಮ ಹನ್ನೆರಡು ಬೈಟುಗಳ ಸುದ್ದಿಗೆ ವಿಳಾಸ ಮುಂತಾದ ಹದಿಮೂರು ಬೈಟುಗಳ ಹೊದಿಕೆ ಸೇರಿದಾಗ, ಏಳನೆಯ ಮೆಟ್ಟಿಲಿನಲ್ಲಿ ಅದು 62 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಹನ್ನೆರಡನೆಯದರಲ್ಲಿ ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಕಾಲವು ಇಪ್ಪತ್ತನಾಲ್ಕು ಪಟ್ಟು. ಅದರಿಂದ ಹದಿನೆಂಟು ಪಟ್ಟು ಕ್ಷೀಣವಾದ ಸಂಜ್ಞೆಯನ್ನು ಕೇಳಬಹುದು. ತೆರೆದ ಬಯಲಿನಲ್ಲಿ ಇದು ನಾಲ್ಕು ಪಟ್ಟು ದೂರವಾದರೆ, ಊರಿನಲ್ಲಿ ಬರಿಯ ಎರಡು ಪಟ್ಟು!

ಬ್ಯಾಟರಿಗೆ ಇದರಿಂದ ಏನಾಗುತ್ತದೆ? ಕೈಬೆರಳಿನ ಗಾತ್ರದ ಲಿಥಿಯಂ ಬ್ಯಾಟರಿಯಲ್ಲಿ 2,400 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತು ಇದೆಯೆನ್ನೋಣ. ನುಡಿಯುವಾಗ ಉಪಕರಣವು 40 ಮಿಲಿಆಂಪಿಯರನ್ನೂ, ನಿದ್ರಿಸುವಾಗ 5 ಮೈಕ್ರೋಆಂಪಿಯರನ್ನೂ ಸೆಳೆಯಲಿ. ಎಡೆಬಿಡದೆ ನುಡಿದರೆ ಅರುವತ್ತೇ ಗಂಟೆಗಳಲ್ಲಿ ಬ್ಯಾಟರಿ ಮುಗಿಯುತ್ತದೆ. ಕಾಲು ಗಂಟೆಗೊಮ್ಮೆ, ಎಂದರೆ ದಿನಕ್ಕೆ 96 ಸಲ, ಏಳನೆಯ ಮೆಟ್ಟಿಲಿನಲ್ಲಿ ನುಡಿದರೆ ನಿದ್ರೆಯ ಖರ್ಚೂ ಸೇರಿ ದಿನಕ್ಕೆ ತಗಲುವುದು ಮಿಲಿಆಂಪಿಯರ್-ಗಂಟೆಯ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ. ಕಾಗದದ ಮೇಲೆ ಮೂವತ್ತೈದು ವರ್ಷ ಬಾಳಬೇಕು. ಬ್ಯಾಟರಿಯು ಅಷ್ಟರೊಳಗೆ ತಾನಾಗಿಯೇ ಸವೆಯುವುದರಿಂದ ಹತ್ತು ವರ್ಷವೆಂದು ಇಟ್ಟುಕೊಳ್ಳುವುದು ವಿವೇಕ. ಅದೇ ಉಪಕರಣವು ಹನ್ನೆರಡನೆಯ ಮೆಟ್ಟಿಲಿನಲ್ಲಿ ನುಡಿದರೆ ದಿನಕ್ಕೆ 1.7 ಮಿಲಿಆಂಪಿಯರ್-ಗಂಟೆ. ನಾಲ್ಕು ವರ್ಷ ತುಂಬುವ ಮೊದಲೇ ಅದು ಮೌನವಾಗುತ್ತದೆ. ಉತ್ತರಕ್ಕಾಗಿ ಕಿವಿ ತೆರೆದಿಡುವ ಕಾಲ, ಅಳೆಯುವ ಸಾಧನದ ಖರ್ಚು, ಇವನ್ನು ಇಲ್ಲಿ ಸೇರಿಸಿಲ್ಲ. ನಿಜದಲ್ಲಿ ಆಯುಸ್ಸು ಇನ್ನೂ ಕಡಿಮೆ. ಮಾರಾಟದ ಕರಪತ್ರದಲ್ಲಿ “ಹದಿನೈದು ಕಿಲೋಮೀಟರು” ಮತ್ತು “ಹತ್ತು ವರ್ಷ” ಎಂಬ ಎರಡು ಮಾತುಗಳು ಒಂದರ ಪಕ್ಕದಲ್ಲೊಂದು ಅಚ್ಚಾಗಿದ್ದರೆ, ಎರಡೂ ಒಟ್ಟಿಗೆ ದೊರೆಯುವುದು ತೀರ ವಿರಳವಾಗಿ ನುಡಿಯುವ ಸಂವೇದಕಕ್ಕೆ ಮಾತ್ರ ಎಂದು ಓದಿಕೊಳ್ಳಬೇಕು.

ಬ್ಯಾಟರಿ ನಮ್ಮ ಸ್ವಂತದ್ದು. ಆಕಾಶ ಎಲ್ಲರದು. ಇದನ್ನು ತಿಳಿಯಲು ಹವಾಯಿ ದ್ವೀಪಗಳಿಗೆ ಹೋಗಬೇಕು. ಅಲ್ಲಿನ ವಿಶ್ವವಿದ್ಯಾನಿಲಯದ ನಾರ್ಮನ್ ಏಬ್ರಮ್‌ಸನ್ ಮತ್ತು ಸಹೋದ್ಯೋಗಿಗಳು 1971ರಲ್ಲಿ ದ್ವೀಪಗಳ ನಡುವೆ ಗಣಕಯಂತ್ರಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಅಲೋಹಾ ಎಂಬ ಆ ಜಾಲದಲ್ಲಿ ಸರದಿಯೆಂಬುದೇ ಇರಲಿಲ್ಲ. ಹೇಳುವುದಿದ್ದವರು ಹೇಳಿಬಿಡುವುದು, ಇಬ್ಬರ ಮಾತು ಡಿಕ್ಕಿಯಾದರೆ ಬೇರೆ ಬೇರೆ ಹೊತ್ತು ಕಾದು ಮತ್ತೆ ಹೇಳುವುದು. ಸರದಿಯನ್ನು ಕಾಯಲು ಸದಾ ಎಚ್ಚರವಾಗಿರಬೇಕು, ಎಚ್ಚರಕ್ಕೆ ಬ್ಯಾಟರಿ ಬೇಕು; ಈ ಕಾರಣದಿಂದಲೇ ಲೋರಾ ಸಂವೇದಕಗಳು ಅದೇ ಹಳೆಯ ಪದ್ಧತಿಯನ್ನು ಹಿಡಿದಿವೆ. ಈ ಪದ್ಧತಿಯಲ್ಲಿ ಎಷ್ಟೇ ಹೆಣಗಿದರೂ ಒಟ್ಟು ಕಾಲದ ನೂರಕ್ಕೆ ಹದಿನೆಂಟು ಪಾಲು ಮಾತ್ರ ಫಲಕಾರಿಯಾಗಬಲ್ಲದೆಂದು ಗಣಿತವು ತೋರಿಸುತ್ತದೆ. ಆ ಸ್ಥಿತಿಯಲ್ಲೂ ಮೂರರಲ್ಲಿ ಎರಡು ಸಂದೇಶಗಳು ಡಿಕ್ಕಿಯಲ್ಲಿ ಹಾಳಾಗುತ್ತವೆ. ಹತ್ತರಲ್ಲಿ ಒಂಬತ್ತು ಸಂದೇಶಗಳು ಸುಖವಾಗಿ ಮುಟ್ಟಬೇಕೆಂದರೆ, ಒಂದು ಚಾನೆಲ್ಲಿನಲ್ಲಿ ಎಲ್ಲರ ಮಾತೂ ಸೇರಿ ಕಾಲದ ನೂರಕ್ಕೆ ಐದು ಪಾಲನ್ನು ಮೀರುವಂತಿಲ್ಲ. ಗಂಟೆಗೊಮ್ಮೆ ನುಡಿಯುವ ಸಂವೇದಕಗಳಾದರೆ, ಏಳನೆಯ ಮೆಟ್ಟಿಲಿನಲ್ಲಿ ಒಂದು ಚಾನೆಲ್ಲಿಗೆ ಸುಮಾರು ಮೂರು ಸಾವಿರ ಹಿಡಿಸುತ್ತವೆ. ಹನ್ನೆರಡನೆಯದರಲ್ಲಿ? ನೂರ ಇಪ್ಪತ್ತೆಂಟು! ಬೇರೆ ಬೇರೆ ಮೆಟ್ಟಿಲುಗಳ ಮಾತು ಬಹುಮಟ್ಟಿಗೆ ಒಂದನ್ನೊಂದು ಕೆಡಿಸುವುದಿಲ್ಲ, ಪ್ರಬಲವಾದ ಸಂಜ್ಞೆಯು ದುರ್ಬಲವಾದುದನ್ನು ಮೆಟ್ಟಿ ಉಳಿಯುವುದೂ ಉಂಟು. ಈ ಸ್ಥೂಲವಾದ ಲೆಕ್ಕದ ದಿಕ್ಕಂತೂ ತಪ್ಪಲ್ಲ.

ಆದುದರಿಂದ ಚೆನ್ನಾಗಿ ಯೋಜಿಸಿದ ಜಾಲವು ಪ್ರತಿಯೊಂದು ಸಂವೇದಕದ ದನಿಯನ್ನೂ ಅಳೆದು, ಹತ್ತಿರವಿರುವುದಕ್ಕೆ “ನೀನು ಬೇಗ ನುಡಿದು ಮುಗಿಸು” ಎಂದು ಅಪ್ಪಣೆಮಾಡುತ್ತದೆ. ದೂರದ್ದಕ್ಕೆ ಮಾತ್ರ ನಿಧಾನದ ಅನುಮತಿ. ಯೂರೋಪಿನಲ್ಲಿ ಕಾನೂನೇ ಕಡಿವಾಣ ಹಾಕಿದೆ: 868 ಮೆಗಾಹರ್ಟ್ಸಿನ ಮುಖ್ಯ ಚಾನೆಲ್ಲುಗಳಲ್ಲಿ ಒಂದು ಉಪಕರಣವು ಕಾಲದ ನೂರಕ್ಕೊಂದು ಪಾಲು, ಎಂದರೆ ಗಂಟೆಗೆ 36 ಸೆಕೆಂಡ್ ಮಾತ್ರ ನುಡಿಯಬಹುದು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಸರ್ಕಾರವು 2005ರಲ್ಲಿಯೇ ಪರವಾನಗಿಯಿಂದ ಮುಕ್ತಗೊಳಿಸಿತು. ನಮ್ಮ ದೇಶದ ಲೋರಾ ಜಾಲಗಳಲ್ಲಿ ಪ್ರತಿ ಸಂವೇದಕವೂ ಮೊದಲು ತಿಳಿದಿರಲೇಬೇಕಾದ ಚಾನೆಲ್ಲುಗಳು ಮೂರೇ. ಹೀಗಿರುವಾಗ ದೂರದ ಒಂದು ಮೂಲೆಗಾಗಿ ಇಡೀ ಕಾರ್ಖಾನೆಯ ಸಂವೇದಕಗಳನ್ನು ಹನ್ನೆರಡನೆಯ ಮೆಟ್ಟಿಲಿಗೆ ಏರಿಸುವುದಕ್ಕಿಂತ, ಆ ಮೂಲೆಯ ಹತ್ತಿರ ಗೇಟ್‌ವೇ ಎಂದು ಕರೆಯುವ ಇನ್ನೊಂದು ಗ್ರಾಹಕ ನಿಲಯವನ್ನು ನಿಲ್ಲಿಸುವುದೇ ಮೇಲು. ಅದಕ್ಕೆ ವಿದ್ಯುತ್ತಿನ ತಂತಿ ಬೇಕೆಂಬುದು ನಿಜ. ಆದರೆ ನೂರಾರು ಬ್ಯಾಟರಿಗಳನ್ನು ನಾಲ್ಕು ವರ್ಷಕ್ಕೊಮ್ಮೆ ಏಣಿ ಹತ್ತಿ ಬದಲಾಯಿಸುವ ಕೂಲಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ತಂತಿ ಅಗ್ಗವೆನಿಸೀತು.

ಇನ್ನು ಕೆಲವು ಕೆಲಸಗಳಿಗೆ ಈ ಜಾಲ ಒಗ್ಗುವುದೇ ಇಲ್ಲ. ಯಂತ್ರದ ಕಂಪನವನ್ನು ಅರಿಯಲು ಸೆಕೆಂಡಿಗೆ ಸಾವಿರಾರು ಸಲ ಅಳೆಯಬೇಕು. ಅಷ್ಟನ್ನೂ ಸೆಕೆಂಡಿಗೆ ಕೆಲವು ನೂರು ಬಿಟ್ಟುಗಳ ಈ ಕಿರುದಾರಿಯಲ್ಲಿ ತುರುಕಲಾಗದು. ಅಂಥ ಕಡೆ ಸಂವೇದಕದೊಳಗಿನ ಸಣ್ಣ ಗಣಕವೇ ವಿಶ್ಲೇಷಣೆಯನ್ನು ಮಾಡಿ, “ಕಂಪನ ಇಷ್ಟು, ಅದು ಪ್ರಬಲವಾಗಿರುವ ಆವೃತ್ತಿ ಇಷ್ಟು” ಎಂಬ ಸಾರವನ್ನು ಮಾತ್ರ ಕಳುಹಿಸುವ ಏರ್ಪಾಡುಂಟು. ಇದು ಜಾಣತನದ ಪರಿಹಾರ. ಆದರೆ ಕೈಸಿಕ್ಕಿಕೊಂಡ ಕಾರ್ಮಿಕನನ್ನು ಉಳಿಸಲು ಯಂತ್ರವನ್ನು ತತ್‌ಕ್ಷಣ ನಿಲ್ಲಿಸಬೇಕಾದ ಗುಂಡಿಗೆ, ಕುದಿಪಾತ್ರೆಯ ಒತ್ತಡ ಮಿತಿಮೀರಿದಾಗ ಕವಾಟವನ್ನು ತೆರೆಯಬೇಕಾದ ಆಜ್ಞೆಗೆ, ಹತ್ತರಲ್ಲಿ ಒಂಬತ್ತು ಸಲ ಮುಟ್ಟುವ, ಅದೂ ಒಂದೂವರೆ ಸೆಕೆಂಡ್ ತಡೆದು ಮುಟ್ಟುವ ದಾರಿಯನ್ನು ನಂಬುವ ಇಂಜಿನಿಯರನಿಗೆ ನಾನಂತೂ ಕಾರ್ಖಾನೆಯ ಕೀಲಿಕೈಯನ್ನು ಕೊಡಲಾರೆ. ಅಲ್ಲಿ ತಾಮ್ರದ ತಂತಿಯೇ ಇರಲಿ.